ಉಪಗ್ರಹ ಸುಮ್ನೆ ನೋಡುತ್ತೆ, ಅದರಿಂದ ಯಾರಿಗೇನು ತೊಂದರೆ?

ನೆಲ ಹಾಳಾಗುತ್ತಿರುವುದನ್ನು ಉಪಗ್ರಹ ಚಿತ್ರಗಳಿಂದ ಅಳೆಯುವ ಯೋಜನೆಗಳ ಬಗ್ಗೆ ಈ ಸಲ ಮೂರು ಪತ್ರ ಆಯ್ದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಎರಡಕ್ಕೂ ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಪ್ರಶ್ನೆ: ಸರ್, ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆ ಎಲ್ಲೆಲ್ಲಿ ಭೂಮಿ ಹಾಳಾಗಿದೆ ಅಂತ ಉಪಗ್ರಹದಿಂದ ಗುರುತಿಸಿ, ಜಲಾನಯನ ಕೆಲಸಕ್ಕೆ ನಕ್ಷೆ ಮಾಡಿಕೊಡುವ ಯೋಜನೆ ಬರೆಯುತ್ತಿದ್ದೇವೆ. ಜಾಗತಿಕ ಪರಿಸರ ನಿಧಿಯಾದ ಜಿಇಎಫ್‌ನಿಂದ ಹಣ ಕೇಳುವ ಯೋಚನೆ ಇದೆ. ಅವರು ಪರಿಸರ ಮತ್ತು ಸಾಮಾಜಿಕ ಸೇಫ್‌ಗಾರ್ಡ್ (ಯೋಜನೆಯಿಂದ ಹಾನಿ ಆಗದಂತೆ ನೋಡಿಕೊಳ್ಳುವ ಕ್ರಮ) ಅಂತ ದೊಡ್ಡ ಫಾರಂ ಕೊಟ್ಟಿದ್ದಾರೆ. ನಾವು ಮರ ಕಡಿಯಲ್ಲ, ಅಣೆಕಟ್ಟು ಕಟ್ಟಲ್ಲ, ಯಾರನ್ನೂ ಎಬ್ಬಿಸಲ್ಲ. ನಮ್ಮ ಕಡೆ ಆದಿವಾಸಿಗಳೂ ಇಲ್ಲ. ಎಲ್ಲದಕ್ಕೂ ‘ಅನ್ವಯಿಸುವುದಿಲ್ಲ’ ಅಂತ ಬರೆದರೆ ಆಗಲ್ವಾ?

ಉತ್ತರ: ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಪರಿಸರಕ್ಕೆ ನಿಮ್ಮ ಯೋಜನೆಯಿಂದ ನೇರವಾಗಿ ಆಗುವ ಹಾನಿ ತೀರಾ ಕಡಿಮೆ. ಮಣ್ಣಿನ ಸ್ಯಾಂಪಲ್‌ಗೆ ಗುಂಡಿ ತೋಡಿದರೆ ಮುಚ್ಚಿ ಬನ್ನಿ. ಜೀಪನ್ನು ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನ, ಹುಲ್ಲಿನ ಮೇಲೆ ಓಡಿಸಬೇಡಿ, ಅಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳಿವೆ. ಬಿಸಿಲಲ್ಲಿ ಅಲೆಯುವ ಸರ್ವೆ ಹುಡುಗರಿಗೆ ಸರಿಯಾದ ಸಂಬಳ ಮತ್ತು ವಿಮೆ ಇರಲಿ. ಇಷ್ಟು ಬರೆದರೆ ಆ ಭಾಗ ಅರ್ಧ ಪುಟದಲ್ಲಿ ಮುಗಿಯುತ್ತದೆ.

ಸಾಮಾಜಿಕ ಭಾಗ ಹಾಗಲ್ಲ. ಉಪಗ್ರಹ ಯಾರನ್ನೂ ಎಬ್ಬಿಸುವುದಿಲ್ಲ, ನಿಜ. ಆದರೆ ನಿಮ್ಮ ನಕ್ಷೆಯಲ್ಲಿ ಕೆಂಪು ಬಿದ್ದ ಜಾಗಕ್ಕೆ ಮುಂದಿನ ವರ್ಷ ತಂತಿ ಬೇಲಿ ಬರುತ್ತದೆ, ‘ಮೇಯಿಸಬಾರದು’ ಅಂತ ಬೋರ್ಡೂ ಬರುತ್ತದೆ. ನಕ್ಷೆ ಮಾಡುವುದೇ ಆ ಜಾಗದಲ್ಲಿ ಏನಾದರೂ ಮಾಡಲಿ ಅಂತ ಅಲ್ವಾ? ಜಿಇಎಫ್ 2018ರಲ್ಲಿ ಪರಿಷ್ಕರಿಸಿ 2019ರ ಜುಲೈಯಿಂದ ಜಾರಿಗೆ ತಂದ ನೀತಿಯಲ್ಲಿ 9 ಕನಿಷ್ಠ ಮಾನದಂಡಗಳಿವೆ. ಅದರಲ್ಲೊಂದು ಭೂ ಬಳಕೆ ನಿರ್ಬಂಧದ್ದು. ಮನೆ ಕಳೆದುಕೊಂಡವರು ಮಾತ್ರವಲ್ಲ, ಮೇವು, ಸೌದೆ, ನೀರಿಗೆ ಹೋಗುವ ದಾರಿ ಮುಚ್ಚಿಹೋದವರೂ ಅದರಡಿ ಬರುತ್ತಾರೆ. ನಿಮ್ಮ ಫಾರಂನಲ್ಲಿ ಜಾಸ್ತಿ ಜಾಗ ತುಂಬಬೇಕಾದ್ದು ಇಲ್ಲೇ.

ಮೊದಲು ನಿಮ್ಮ ನಕ್ಷೆ ಎಷ್ಟು ಸೂಕ್ಷ್ಮ ಅಂತ ನೋಡಿಕೊಳ್ಳಿ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಉಚಿತ ಸಾಫ್ಟ್‌ವೇರ್ ಟ್ರೆಂಡ್ಸ್ ಡಾಟ್ ಅರ್ಥ್. ಹಸಿರಿನ ಏರಿಳಿತ, ಭೂಹೊದಿಕೆ, ಮಣ್ಣಿನ ಇಂಗಾಲ ಈ ಮೂರನ್ನು ಅದು ನೋಡುತ್ತದೆ. ಮೂರರಲ್ಲಿ ಒಂದು ಇಳಿದರೂ ಆ ಜಾಗ ‘ಹಾಳಾಗಿದೆ’ ಎಂದೇ ಲೆಕ್ಕ. ಹಸಿರಿಗೆ ಅದು ಸಾಮಾನ್ಯವಾಗಿ ಬಳಸುವುದು ಮೋಡಿಸ್ ಉಪಗ್ರಹ ಸಾಧನದ ದತ್ತಾಂಶ. ಅದರ ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) ನೆಲದ ಮೇಲೆ 250 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಸುಮಾರು ಹದಿನೈದೂವರೆ ಎಕರೆ. ಒಬ್ಬರ ಶೇಂಗಾ ಹೊಲ, ಪಕ್ಕದವರ ಬೀಳು, ಒಂದು ಹಳ್ಳ, ಅದರ ದಡದ ಹೊಂಗೆ ಸಾಲು ಎಲ್ಲ ಸೇರಿ ಒಂದೇ ಬಣ್ಣ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ತೆಗೆದುಕೊಂಡರೆ ಪಿಕ್ಸೆಲ್‌ಗೆ ಒಂಬತ್ತು ಗುಂಟೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಪಿಕ್ಸೆಲ್ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಹದಿನೈದೂವರೆ ಎಕರೆಯ ನಕ್ಷೆ ಹಿಡಿದು ಸರ್ವೆ ನಂಬರ್ ಮಟ್ಟದ ತೀರ್ಮಾನ ಮಾಡುವ ಹಾಗಿಲ್ಲ. ಇದನ್ನು ನಕ್ಷೆಯ ಮೇಲೇ, ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಬರೆಯಿರಿ. ವರದಿಯ ಕೊನೆಯ ಪುಟದಲ್ಲಿ ಬರೆದರೆ ಯಾರೂ ಓದುವುದಿಲ್ಲ.

ಎರಡನೆಯದು ಬಣ್ಣದ ಅರ್ಥ. ಗಿಡ ಹೆಚ್ಚು ಹಸಿರಿದ್ದಷ್ಟೂ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ಆ ಎರಡರ ವ್ಯತ್ಯಾಸದಿಂದ ಬರುವ ಸಂಖ್ಯೆಯೇ ಎನ್‌ಡಿವಿಐ. ಅದಕ್ಕೆ ಹಸಿರು ಗೊತ್ತು, ಯಾವ ಗಿಡದ ಹಸಿರು ಅಂತ ಗೊತ್ತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತೀವಲ್ಲ, ಹಾಗೇ ಹಸಿರಾಗಿರುವುದೆಲ್ಲ ಒಳ್ಳೆಯ ನೆಲವಲ್ಲ. ಕೆರೆಯಂಗಳಕ್ಕೆ ಬಳ್ಳಾರಿ ಜಾಲಿ ನುಗ್ಗಿದರೆ ನಕ್ಷೆ ‘ಸುಧಾರಣೆ’ ಎನ್ನುತ್ತದೆ. ಸಾವಿರ ಅಡಿ ಬೋರು ಕೊರೆಸಿ ಅಡಿಕೆ ಹಾಕಿದ ತೋಟವೂ ‘ಸುಧಾರಣೆ’ಯೇ. ಅಂತರ್ಜಲ ಪಾತಾಳಕ್ಕೆ ಹೋಗಿದ್ದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ನಿಮ್ಮ ಲೆಕ್ಕ ಆ ವರ್ಷಕ್ಕೆ ಬಂದು ನಿಂತರೆ ಹಸಿರಿನ ಗೆರೆ ಕೆಳಕ್ಕೆ ಬಾಗಿರುತ್ತದೆ. ಮಳೆ ಕೈಕೊಟ್ಟಿದ್ದನ್ನು ಕುರಿ ಮೇಯಿಸಿದವರ ತಪ್ಪು ಅಂತ ಓದಿಬಿಡುವ ಅಪಾಯ ಇರುವುದು ಇಂಥ ಕಡೆ. ಮಳೆಯ ಪ್ರಭಾವವನ್ನು ಕಳೆದು ಲೆಕ್ಕ ಹಾಕುವ ವಿಧಾನಗಳು ಅದೇ ಸಾಫ್ಟ್‌ವೇರ್‌ನಲ್ಲಿವೆ, ಬಳಸಿ.

ಈಗ ನಿಮ್ಮ ಊರಿನದ್ದೇ ವಿಚಾರ. ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳು ಮಳೆಗಾಲ ಕಳೆದರೆ ಒಣಗಿ ಕಂದಾಗುತ್ತವೆ. ಹುಲ್ಲುಗಾವಲಿನ ಗುಣವೇ ಅದು. ಒಣಗಿದ ಹುಲ್ಲೂ ಮೇವು ತಾನೇ? ಆದರೆ ದೇಶದ ಬೀಳು ಭೂಮಿ ನಕ್ಷೆಗಳಲ್ಲಿ ಕುರುಚಲು ನೆಲಕ್ಕೆ ಬಹಳ ಕಾಲದಿಂದ ‘ಪಾಳು’ ವರ್ಗದಲ್ಲೇ ಜಾಗ. 2009ರ ಸುಮಾರಿಗೆ ಈ ಕಾವಲುಗಳ ಸುಮಾರು 10 ಸಾವಿರ ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾಯಿತು. ನಮ್ಮನ್ನು ಕೇಳಲೇ ಇಲ್ಲ ಅಂತ ಹಳ್ಳಿಯವರು ದೂರಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದು ಉಪಗ್ರಹ ನಕ್ಷೆಯಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ತಾಲ್ಲೂಕಿನಲ್ಲಿ ಇನ್ನೊಂದು ನಕ್ಷೆ ಬಂದು ಉಳಿದ ಕಾವಲನ್ನೂ ‘ಹಾಳು’ ಅಂದರೆ ಜನ ಅದನ್ನು ಹೇಗೆ ಓದುತ್ತಾರೆ ಅಂತ ಯೋಚಿಸಿ.

‘ಆದಿವಾಸಿಗಳಿಲ್ಲ’ ಅಂದಿರಲ್ಲ, ಆ ಸಾಲನ್ನು ದಯವಿಟ್ಟು ತೆಗೆಯಿರಿ. ಕಾಡಿನಲ್ಲಿದ್ದರೆ ಮಾತ್ರ ಆದಿವಾಸಿ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸನಾಯಕರು ಪರಿಶಿಷ್ಟ ಪಂಗಡದವರು. ಅವರು ಸಾಕುವ ದೇವರ ಎತ್ತುಗಳಿವೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಹಿಂಡನ್ನು ಮೇಯಿಸಿಕೊಂಡು ಇರುತ್ತಾರೆ. ಮೇವು ನಿಂತರೆ ಕುಟುಂಬದ ಆದಾಯದ ಜೊತೆ ದೇವರ ಕಾರ್ಯವೂ ನಿಲ್ಲುತ್ತದೆ. ಹಾಗಾಗಿ ಜಿಇಎಫ್‌ನ ಆ ಒಂಬತ್ತರಲ್ಲಿ ಮೂಲನಿವಾಸಿಗಳ ಮಾನದಂಡ, ಸಾಂಸ್ಕೃತಿಕ ಪರಂಪರೆಯ ಮಾನದಂಡ ಎರಡೂ ನಿಮಗೆ ಅನ್ವಯಿಸುತ್ತವೆ. ಕಾಡುಗೊಲ್ಲರ ಹಟ್ಟಿಗಳಿಗೂ ಹೋಗಿ. ಸರ್ಕಾರಿ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮೂಲನಿವಾಸಿ ಅಂತ ಈ ಮಾನದಂಡ ಹೇಳುವುದಿಲ್ಲ.

ಹಾಗಾದರೆ ಫಾರಂನಲ್ಲಿ ಏನು ಬರೆಯಬೇಕು? ನಾನಾದರೆ ಹೀಗೆ ಬರೆಯುತ್ತೇನೆ. ನಕ್ಷೆಯ ಕರಡನ್ನು ಇಲಾಖೆಗೆ ಕೊಡುವ ಮೊದಲು ಗ್ರಾಮಸಭೆಯಲ್ಲಿ ಗೋಡೆಯಷ್ಟು ದೊಡ್ಡದಾಗಿ ಹಾಕುತ್ತೇವೆ. ಕೆರೆ, ಗುಡಿ, ಬಂಡಿದಾರಿ, ಹಳ್ಳ ಅದರಲ್ಲಿ ಗುರುತಿರುತ್ತವೆ, ಇಲ್ಲದಿದ್ದರೆ ಯಾರಿಗೂ ತಮ್ಮ ಜಾಗ ಗೊತ್ತಾಗುವುದಿಲ್ಲ. ಕಿಲಾರಿಗಳು, ಕುರಿಗಾರರು, ಸೌದೆಗೆ ಹೋಗುವ ಹೆಂಗಸರು ಇವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳುತ್ತೇವೆ, ಯಾಕೆಂದರೆ ಗ್ರಾಮಸಭೆಯಲ್ಲಿ ಇವರು ಮಾತಾಡುವುದು ಕಡಿಮೆ. ಕುರಿಗಾರರು ಊರಲ್ಲಿರುವ ತಿಂಗಳು ನೋಡಿ ಸಭೆ ಇಡುತ್ತೇವೆ. ಇದು ತಪ್ಪು ಅಂತ ಜನ ತೋರಿಸಿದ ಜಾಗವನ್ನು ನಕ್ಷೆಯಲ್ಲಿ ‘ವಿವಾದಿತ’ ಅಂತ ಗುರುತು ಮಾಡುತ್ತೇವೆ, ಅಲ್ಲಿಗೆ ಹೋಗಿ ನೋಡುವ ತನಕ ಅಲ್ಲಿ ಯಾವ ಕೆಲಸವನ್ನೂ ಶಿಫಾರಸು ಮಾಡುವುದಿಲ್ಲ. ದೂರಿಗೆ ಒಂದು ಫೋನ್ ನಂಬರ್ ಇರುತ್ತದೆ, ಎತ್ತಿಕೊಳ್ಳುವ ಒಬ್ಬ ಮನುಷ್ಯನೂ ಇರುತ್ತಾನೆ.

ಇನ್ನೊಂದು ಮಾತು. ನಕ್ಷೆಗೆ ರೈತರ ಹೆಸರು ಸೇರಿಸಬೇಡಿ. ‘ಹಾಳಾದ ಭೂಮಿ’ ಎಂಬ ಪಟ್ಟ ಬ್ಯಾಂಕಿನವರ ಕೈಗೆ ಸಿಕ್ಕರೆ ಸಾಲಕ್ಕೆ ತಕರಾರು ಬರಬಹುದು. ಪಹಣಿ ಹೇಗಿದ್ದರೂ ಎಲ್ಲರಿಗೂ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಆದರೆ ಅದರ ಜೊತೆ ಈ ಪಟ್ಟ ಕಟ್ಟಿಕೊಟ್ಟವರು ನೀವಾಗುತ್ತೀರಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ನೆನಪಿರಲಿ.

ಪ್ರಶ್ನೆ: ನಾನು ಸಿರಾ ತಾಲ್ಲೂಕಿನ ಡಿಗ್ರಿ ವಿದ್ಯಾರ್ಥಿ. ಅಪ್ಪ ಕುರಿ ಮೇಯಿಸುತ್ತಾರೆ. ನಮ್ಮೂರ ಗೋಮಾಳ ಉಪಗ್ರಹ ನಕ್ಷೆಯಲ್ಲಿ ಹಾಳಾಗಿದೆಯಂತೆ, ಅದಕ್ಕೆ ಬೇಲಿ ಹಾಕಿ ಗಿಡ ನೆಡುತ್ತಾರಂತೆ. ಉಪಗ್ರಹದ ಮುಂದೆ ನಮ್ಮ ಮಾತು ನಡೆಯುತ್ತಾ ಸರ್?

ಉತ್ತರ: ನಡೆಯುತ್ತದೆ, ಆದರೆ ಕಾಗದದಲ್ಲಿ ಮಾತಾಡಬೇಕು. ಮೊದಲು ಆ ನಕ್ಷೆಯನ್ನೇ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಯಾವ ಉಪಗ್ರಹ, ಯಾವ ತಿಂಗಳ ಚಿತ್ರ, ಯಾವ ವರ್ಷದಿಂದ ಯಾವ ವರ್ಷಕ್ಕೆ ಹೋಲಿಸಿದ್ದಾರೆ, ಯಾರಾದರೂ ಜಾಗಕ್ಕೆ ಬಂದು ನೋಡಿದ್ದಾರಾ, ಇಷ್ಟು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಬರುವುದು ಅಪರೂಪ, ಅದು ನಿಮಗೆ ಅನುಕೂಲವೇ.

ಆಮೇಲೆ ದಿಶಾಂಕ್ ಆ್ಯಪ್‌ನಲ್ಲಿ ಗೋಮಾಳದ ಸರ್ವೆ ನಂಬರ್ ನೋಡಿಕೊಳ್ಳಿ. ಮಳೆ ಬಂದ ಮೇಲೆ ಒಂದೇ ಜಾಗದಲ್ಲಿ ನಿಂತು ಆಗಾಗ ಫೋಟೊ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಯಾವ ಹುಲ್ಲು ಎಲ್ಲಿ ಬರುತ್ತದೆ ಅಂತ ಅಪ್ಪನನ್ನು ಕೇಳಿ ಬರೆದಿಡಿ. ಪಶು ಆಸ್ಪತ್ರೆಯಿಂದ ಊರಿನ ಜಾನುವಾರು ಗಣತಿ ತೆಗೆದುಕೊಳ್ಳಿ. ಕರ್ನಾಟಕ ಭೂ ಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು. ನಿಮ್ಮೂರಲ್ಲಿ ಈಗಲೇ ಅಷ್ಟಿಲ್ಲ ಅಂತ ಗೊತ್ತಾದರೆ ಬೇಲಿಯ ಮಾತು ಎತ್ತುವವರು ಎರಡು ಸಲ ಯೋಚಿಸುತ್ತಾರೆ.

ಆ ಜಾಗ ಗೋಮಾಳ ಅಲ್ಲದೆ ದಾಖಲೆಯಲ್ಲಿ ಅರಣ್ಯ ಅಂತಿದ್ದರೆ ದಾರಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸುವ ಸಮುದಾಯ ಹಕ್ಕಿದೆ. ಆ ಕಾಯ್ದೆಗೆ 2012ರಲ್ಲಿ ಸೇರಿಸಿದ ನಿಯಮ 12ಎ ಒಂದು ಮಾತು ಸ್ಪಷ್ಟವಾಗಿ ಹೇಳುತ್ತದೆ: ಉಪಗ್ರಹ ಚಿತ್ರವನ್ನು ಉಳಿದ ಸಾಕ್ಷ್ಯದ ಜೊತೆಗೆ ಪೂರಕವಾಗಿ ಬಳಸಬಹುದು, ಅರ್ಜಿದಾರ ಕೊಟ್ಟ ಬೇರೆ ಸಾಕ್ಷ್ಯದ ಬದಲಿಗೆ ಅಲ್ಲ. ಗೋಮಾಳಕ್ಕೆ ಈ ನಿಯಮ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅರ್ಜಿಯಲ್ಲಿ ಉದಾಹರಣೆಯಾಗಿ ಬರೆಯಿರಿ.

ಒಂದು ವಿಷಯ ನಿಮಗೆ ಇಷ್ಟ ಆಗದೆಯೂ ಇರಬಹುದು. ಗೋಮಾಳ ನಿಜವಾಗಿಯೂ ಸವೆದಿರಬಹುದು. ಹುಲ್ಲು ಹೋಗಿ ಕಲ್ಲು ಎದ್ದಿದ್ದರೆ, ಮಳೆ ನೀರು ಕೊರಕಲು ಮಾಡಿಕೊಂಡು ಓಡುತ್ತಿದ್ದರೆ ಅಪ್ಪನಿಗೇ ಅದು ಗೊತ್ತಿರುತ್ತದೆ. ಆಗ ಬೇಲಿ ಬೇಡವೇ ಬೇಡ ಅನ್ನಬೇಡಿ. ನಾಲ್ಕು ಭಾಗ ಮಾಡಿ, ಒಂದು ಸಲಕ್ಕೆ ಒಂದೇ ಭಾಗ ಮುಚ್ಚಿ, ಯಾವುದು ಮೊದಲು ಅಂತ ಕುರಿಗಾರರು ಹೇಳಲಿ, ನೀಲಗಿರಿ, ಅಕೇಶಿಯಾ ಬದಲು ಹುಲ್ಲು ಬಿತ್ತಿ ಅಂತ ಕೇಳಿ. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕು ಯಾರಿಗೆ ಅನ್ನುವುದೂ ಇದಕ್ಕೆ ಮಾಡುವ ಠರಾವಿನಲ್ಲೇ ಬರಲಿ.

ಪ್ರಶ್ನೆ: ಉಪಗ್ರಹ ಚಿತ್ರ ಸರಿಯಿದೆಯಾ ಅಂತ ತಾಳೆ ನೋಡಲು ನಮ್ಮ ತಂಡ ಡ್ರೋನ್ ಹಾರಿಸುತ್ತದೆ. ಪಂಚಾಯಿತಿ ಅನುಮತಿ ಬೇಕಾ?

ಉತ್ತರ: 2021ರ ಡ್ರೋನ್ ನಿಯಮಗಳು ಪಂಚಾಯಿತಿ ಅನುಮತಿ ಕೇಳುವುದಿಲ್ಲ. ಹಸಿರು ವಲಯದಲ್ಲಿ (ಡ್ರೋನ್ ನಕ್ಷೆಯಲ್ಲಿ ಹಾರಾಟಕ್ಕೆ ಮುಕ್ತ ಅಂತ ಹಸಿರು ಬಣ್ಣದಲ್ಲಿ ಗುರುತಿಸಿದ ಪ್ರದೇಶ) 400 ಅಡಿವರೆಗೆ ಹಾರಿಸಲು ಪೂರ್ವಾನುಮತಿಯೂ ಬೇಡ. ಡ್ರೋನ್ ನೋಂದಣಿ ಆಗಿರಬೇಕು, ದೊಡ್ಡದಾದರೆ ಹಾರಿಸುವವರ ಹತ್ತಿರ ಪೈಲಟ್ ಪ್ರಮಾಣಪತ್ರವೂ ಇರಬೇಕು. ಚಳ್ಳಕೆರೆ ಕಡೆ ಹೋಗುವುದಾದರೆ ಮೊದಲು ವಲಯದ ನಕ್ಷೆ ನೋಡಿ, ಅಲ್ಲಿ ರಕ್ಷಣಾ ಸಂಸ್ಥೆಯ ಡ್ರೋನ್ ಪರೀಕ್ಷಾ ಕೇಂದ್ರವೇ ಇದೆ.

ಕಾನೂನು ಅಷ್ಟೇ. ಆದರೆ ಹಿಂದಿನ ದಿನ ಡಂಗುರ ಹೊಡೆಸಿ, ಇಲ್ಲವೇ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಬೆಳಗಿನ ಜಾವ, ಸಂಜೆ ಬಯಲಿಗೆ ಹೋಗುವ ಹೊತ್ತಿನಲ್ಲಿ ಹಾರಿಸಬೇಡಿ. ಕೆರೆ ಏರಿ ಮೇಲೆ ಬಟ್ಟೆ ಒಗೆಯುತ್ತಿದ್ದರೆ ಆ ಕಡೆ ತಿರುಗಿಸಬೇಡಿ. ಮರಿ ಹಾಕುವ ಕಾಲದಲ್ಲಿ ಕುರಿಮಂದೆಯ ಮೇಲೆ ಸದ್ದು ಮಾಡಿಕೊಂಡು ಹೋದರೆ ಮಂದೆ ಚದುರುತ್ತದೆ, ಬೈಗುಳ ತಿನ್ನುವುದು ನೀವು. ಮನುಷ್ಯರ ಮುಖ ಕಾಣುವ ಚಿತ್ರಗಳನ್ನು ಅವತ್ತೇ ಅಳಿಸಿ. ತೆಗೆದ ಚಿತ್ರವನ್ನು ಊರಿನವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿಯೇ ಹೊರಡಿ. ನಿಮ್ಮ ನಕ್ಷೆಯ ಅರ್ಧ ತಪ್ಪು ಅಲ್ಲೇ, ಚಾವಡಿ ಕಟ್ಟೆಯ ಮೇಲೇ ಗೊತ್ತಾಗುತ್ತದೆ.