ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ಯಲ್ಲಿ ಶೋಷಣೆ ಮಾತ್ರ ಇದೆ, ಬಂಡಾಯ ಇಲ್ಲ ಅಂತ ಪ್ರಬಂಧದಲ್ಲಿ ಬರೆಯಬಹುದೇ? ಅಥವಾ ಬೇರೆ ಕೃತಿ ಆರಿಸಿಕೊಳ್ಳಲೇ?

ಬರೆಯಬೇಡಿ. ಇದೇ ಮಾತು ಬರೆದು ನಾನು ಒಂದು ವರ್ಷ ಕಳೆದುಕೊಂಡಿದ್ದೇನೆ.

ಎಂ.ಎ. ಎರಡನೇ ವರ್ಷ. ಕಿರುಪ್ರಬಂಧದ ವಿಷಯ ಹೆಚ್ಚುಕಡಿಮೆ ನಿಮ್ಮದೇ, ಶೋಷಣೆ ಮತ್ತು ಬಂಡಾಯ. ದೊಡ್ಡದೊಂದು ಹಾಳೆ ತಗೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ಶೋಷಣೆ, ಬಲಕ್ಕೆ ಬಂಡಾಯ. ಕುವೆಂಪು ಅವರ ‘ಶೂದ್ರ ತಪಸ್ವಿ’ ಸಲೀಸಾಗಿ ಬಲಕ್ಕೆ ಹೋಯಿತು. ಅಲ್ಲಿ ರಾಮ ಬಿಟ್ಟ ಅಸ್ತ್ರ, ತಪಸ್ಸಿಗೆ ಕೂತ ಶೂದ್ರ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅಸ್ಪೃಶ್ಯ ಜೀತದಾಳು ಚೋಮ ಎಡಕ್ಕೆ ಬಂದ. ಅವನ ಹೆಸರಿನ ಮುಂದೆ ‘ಸೋಲು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ನನ್ನ ತಪ್ಪು ಏನು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ. ಕಾದಂಬರಿ ಓದಿರಲಿಲ್ಲ ಅಂತಲ್ಲ. ಓದಿದ್ದೆ, ಬಿ.ವಿ. ಕಾರಂತರ 1975ರ ಸಿನಿಮಾವನ್ನೂ ಎರಡು ಸಲ ನೋಡಿದ್ದೆ. ಆದರೆ ಚೋಮನಿಗೆ ಏನೇನಾಯಿತು ಅಂತ ಮಾತ್ರ ಓದಿದೆ. ಬೇಸಾಯಕ್ಕೆ ತುಂಡು ಭೂಮಿ ಸಿಗಲಿಲ್ಲ. ಧಣಿ ಸಂಕಪ್ಪಯ್ಯ ಮೆತ್ತಗಾದರೂ ಅವರ ತಾಯಿ ಬಿಡಲಿಲ್ಲ. ಮಗ ನೀಲ ನೀರಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ಯಾರೂ ಇಳಿಯಲಿಲ್ಲ. ಸಾಲಕ್ಕೆ ಮಕ್ಕಳು ಕಾಫಿ ತೋಟಕ್ಕೆ ಹೋದರು, ಮಗಳು ಬೆಳ್ಳಿಯೂ ಹೋದಳು. ಒಂದೊಂದಕ್ಕೂ ಪುಟಸಂಖ್ಯೆ ಹಾಕಿ ಎಡಗಡೆ ತುಂಬಿಸಿದೆ. ದುಡಿ ಅನ್ನುವ ಚರ್ಮವಾದ್ಯ ಬಂದ ಕಡೆಯಲ್ಲೆಲ್ಲ ‘ವಾತಾವರಣ ಚಿತ್ರಣ’ ಅಂದುಕೊಂಡು ಪುಟ ತಿರುಗಿಸಿದೆ. ಪುಸ್ತಕದ ಹೆಸರಲ್ಲೇ ಇರುವ ವಸ್ತುವನ್ನು ಹಾಗೆ ದಾಟಿಬಿಟ್ಟೆ! ನಾನು ತುಮಕೂರು ಕಡೆಯವಳು, ದುಡಿ ಕಂಡವಳಲ್ಲ. ತಮಟೆಯಂಥದ್ದೇ ಏನೋ ಇರಬೇಕು ಅಂದುಕೊಂಡಿದ್ದೆ. ಕೇಳಬಹುದಿತ್ತು. ಹಾಸ್ಟೆಲಿನ ನನ್ನ ರೂಮಿನಲ್ಲೇ ಪುತ್ತೂರು ಕಡೆಯ ಹುಡುಗಿ ಇದ್ದಳು. ಕೇಳಲಿಲ್ಲ.

ಮೌಖಿಕ ಪರೀಕ್ಷೆಗೆ ಬಂದ ಮೇಷ್ಟ್ರು ಪ್ರಬಂಧ ಮುಚ್ಚಿಟ್ಟು ಒಂದೇ ಪ್ರಶ್ನೆ ಕೇಳಿದರು: “ಏನಮ್ಮಾ, ಚೋಮ ದುಡಿ ಬಾರಿಸೋದು ಯಾರಿಗೋಸ್ಕರ?” ನನ್ನ ಬಾಯಿ ಕಟ್ಟಿತು. ಮತ್ತೆ ಬರೆದು ತನ್ನಿ ಅಂದರು. ಜೊತೆಯವರೆಲ್ಲ ಪಾಸಾಗಿ ಕೆಲಸಕ್ಕೆ ಸೇರಿದ ವರ್ಷ ನಾನು ಅದೇ ಹಾಳೆಗಳ ಮುಂದೆ ಕೂತಿದ್ದೆ.

ಆ ರಜೆಯಲ್ಲಿ ಆ ಪುತ್ತೂರಿನ ಗೆಳತಿಯ ಊರಿಗೆ ಹೋದೆ. ಅವರ ಅಜ್ಜ ಅಟ್ಟದಿಂದ ದುಡಿ ಇಳಿಸಿ ನನ್ನ ಕೈಗೆ ಕೊಟ್ಟರು. ಎರಡೂ ಬಾಯಿಗೆ ಚರ್ಮ, ನಡು ಸಣ್ಣ, ಒಂದು ಕೈಯಲ್ಲಿ ಹಿಡಿಯಬಹುದು. ಅದರ ಗಾತ್ರಕ್ಕೂ ಶಬ್ದಕ್ಕೂ ಸಂಬಂಧವೇ ಇರಲಿಲ್ಲ. “ರಾತ್ರಿ ಹೊತ್ತು ಇಲ್ಲಿ ಬಾರಿಸಿದ್ರೆ ಅಲ್ಲಿವರೆಗೆ ಕೇಳ್ತದೆ ಮಗಾ” ಅಂತ ಗದ್ದೆಯಾಚೆಗಿನ ಹೆಂಚಿನ ಮನೆ ತೋರಿಸಿದರು.

ಅಲ್ಲಿಂದ ಮೇಲೆ ನನಗೆ ಕಾದಂಬರಿಯೇ ಬೇರೆಯಾಯಿತು. ಆ ಕರಾವಳಿಯಲ್ಲಿ ಡೋಲು ಬಾರಿಸುವುದು ಕೊರಗ ಅನ್ನುವ ಬುಡಕಟ್ಟಿನವರ ತಲೆಗೆ ಕಟ್ಟಿದ ಚಾಕರಿಯಾಗಿತ್ತು. ಅದಕ್ಕೆ ಅಜಲು ಅನ್ನುತ್ತಾರೆ. ಅದನ್ನು ನಿಲ್ಲಿಸಲು 2000ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಚೋಮ ಕೊರಗನಲ್ಲ, ಆದರೆ ಮೇಲಿನವರು ಕರೆದಾಗ ಕೆಳಗಿನವನು ಬಾರಿಸಬೇಕು ಅನ್ನುವ ನೆಲ ಅದೇ. ಅಂಥ ಕಡೆ ಈ ಮನುಷ್ಯ ಯಾರ ಮದುವೆಗೂ ಅಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಗುಡಿಸಲಲ್ಲಿ ತನ್ನ ಸಿಟ್ಟಿಗೆ, ತನ್ನ ಖುಷಿಗೆ ಬಾರಿಸುತ್ತಾನೆ.

ಎತ್ತುಗಳನ್ನೂ ನೋಡಿ. ಕಾಡಿನಲ್ಲಿ ಸಿಕ್ಕ ಜೋಡಿಯನ್ನು ಸಾಕಿದ್ದಾನೆ. ಸಾಲ ಕುತ್ತಿಗೆಗೆ ಬಂದರೂ ಮಾರುವುದಿಲ್ಲ. ಉಳುವ ಹಕ್ಕಿಲ್ಲದವನು ಉಳುವ ಎತ್ತು ಕಟ್ಟಿಕೊಂಡಿರುವುದು ಊರಿನ ಕಟ್ಟಳೆಗೆ ದಿನಾ ಬೆಳಗಾದರೆ ಎದುರು ನಿಂತ ಹಾಗೆ. ಮತ ಬದಲಿಸಿದರೆ ಭೂಮಿ ಸಿಕ್ಕೀತು ಅಂತ ಹೊರಟವನು ತಾನು ನಂಬಿದ ದೈವ ಪಂಜುರ್ಲಿಯನ್ನು ಬಿಡಲಾರದೆ ವಾಪಸಾಗುತ್ತಾನೆ. ಇದನ್ನು ಹೇಡಿತನ ಅಂತ ನಾನು ಮೊದಲ ಪ್ರಬಂಧದಲ್ಲಿ ಬರೆದಿದ್ದೆ, ನೆನೆದರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ಎತ್ತುಗಳನ್ನು ಬಿಟ್ಟುಕಳಿಸಿ, ಬಾಗಿಲು ಹಾಕಿಕೊಂಡು, ಪ್ರಾಣ ಹೋಗುವವರೆಗೆ ದುಡಿ ಬಾರಿಸುತ್ತಾನೆ. ಹೌದು, ಭೂಮಿ ಸಿಗಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿ ಇದು. ಅವನಿಗೆ ಭೂಮಿ ಕೊಡಿಸಿ ಮುಗಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಹಾಗಾಗಿ ಕೃತಿ ಬದಲಿಸುವ ಪ್ರಶ್ನೆ ಬಿಡಿ. ಘೋಷಣೆ ಇರುವ ಪುಸ್ತಕ ಹುಡುಕಿದರೆ ಸಿಗುತ್ತದೆ, ಪ್ರಬಂಧವೂ ಬೇಗ ಮುಗಿಯುತ್ತದೆ, ಆದರೆ ಬಂಡಾಯ ಅಂದರೆ ಕೂಗುವುದು ಅಂತಲೇ ನೀವು ತಿಳಿದುಕೊಂಡು ಉಳಿಯುತ್ತೀರಿ. ಶೋಷಣೆ ಬೇರೆ, ಬಂಡಾಯ ಬೇರೆ ಅಂತ ಎರಡು ಅಧ್ಯಾಯ ಮಾಡಿಕೊಂಡಿದ್ದರೆ ಮೊದಲು ಅದನ್ನು ಹರಿದುಹಾಕಿ. ಚೋಮನಲ್ಲಿ ಅವೆರಡೂ ಒಂದೇ ರಾತ್ರಿ, ಒಂದೇ ಗುಡಿಸಲಲ್ಲಿ ನಡೆಯುತ್ತವೆ.

ಒಂದು ಪೆನ್ಸಿಲ್ ಹಿಡಿದು ಕಾದಂಬರಿಯನ್ನು ಮೊದಲಿನಿಂದ ಓದಿ. ದುಡಿ ಬಂದಲ್ಲೆಲ್ಲ ಗುರುತು ಹಾಕಿ, ಅದರ ಮುಂಚೆ ಏನಾಗಿತ್ತು, ಅದನ್ನು ಯಾರು ಕೇಳಿಸಿಕೊಂಡರು ಅಂತ ಅಂಚಿನಲ್ಲಿ ಬರೆದುಕೊಳ್ಳಿ. ನನ್ನ ಎರಡನೇ ಪ್ರಬಂಧ ಹುಟ್ಟಿದ್ದು ಆ ಅಂಚಿನ ಬರಹದಿಂದಲೇ.