ಟ್ಯಾಂಕಿನ ಮೇಲೆ ನೊರೆ ಮುದ್ದೆ

ಪ್ರಶ್ನೆ: ನಮ್ಮ ಕುಳಾಗರದ (ಅಡಿಕೆ-ತೆಂಗಿನ ತೋಟದ) ಸಿಮೆಂಟ್ ಟ್ಯಾಂಕಿನ ಮೇಲೆ ಬಾಗಿದ ಜಾಯಿಕಾಯಿ ಕೊಂಬೆಗೆ ಮುಷ್ಟಿ ಗಾತ್ರದ ಬಿಳಿ ನೊರೆ ಅಂಟಿದೆ. ವಿಷವೇ? ಬ್ಲೀಚಿಂಗ್ ಪೌಡರ್ ಹಾಕಿ ಟ್ಯಾಂಕು ತೊಳೆಯಬೇಕಿತ್ತು.
— ಓದುಗರು, ವಾಳಪೈ, ಗೋವಾ

ಉತ್ತರ: ವಿಷವಲ್ಲ, ಮರಗಪ್ಪೆಯ ಗೂಡು. ಎಲೆಗಳನ್ನು ಸೇರಿಸಿ ಕಟ್ಟಿದ್ದರೆ ಹೆಚ್ಚಾಗಿ ಮಲಬಾರ್ ಹಾರುವ ಕಪ್ಪೆಯದ್ದು: ಮೈ ಹಸಿರು, ಬೆರಳುಗಳ ನಡುವಿನ ಪೊರೆ ಕಿತ್ತಳೆ-ಕೆಂಪು, ಹೆಣ್ಣು ಸುಮಾರು 10 ಸೆಂ.ಮೀ. ಬಚ್ಚಲಿಗೂ ನುಗ್ಗುವ ಕಂದು ಬಣ್ಣದ ಸುಣ್ಣದ ಕಪ್ಪೆಯಾದರೆ ನೊರೆಯನ್ನು ಟ್ಯಾಂಕಿನ ಗೋಡೆಗೇ ಮೆತ್ತುತ್ತದೆ.

ಹೆಣ್ಣು ಸುರಿಸುವ ದ್ರವವನ್ನು ಹಿಂಗಾಲಿನಿಂದ ಕಡೆದರೆ ಈ ನೊರೆ. ಹೊರಪದರ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಮೊಟ್ಟೆಗಳು ತೇವದಲ್ಲೇ ಇರುತ್ತವೆ. ಸುಮಾರು ವಾರದಲ್ಲಿ ಮೊಟ್ಟೆಯೊಡೆದು, ಮಳೆಗೆ ತಳ ಕರಗಿ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಕೆಳಗೆ ನೀರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದರೂ ಗೂಡು ಒಣಗಿ ಕೆಡುತ್ತದೆ.

ತೊಳೆಯುವುದನ್ನು ಮುಂದೂಡುವುದೇ ಲೇಸು. ಆಗದಿದ್ದರೆ ಗೂಡು ಕೀಳಬೇಡಿ. ಕೊಂಬೆಯ ಸಮೇತ ಕತ್ತರಿಸಿ, ಮೇಲು-ಕೆಳಗು ಬದಲಾಗದಂತೆ, ನೆರಳಲ್ಲಿಟ್ಟ ಅಗಲವಾದ ಟಬ್ಬಿನ ಮೇಲೆ ಒಂದಡಿ ಎತ್ತರದಲ್ಲಿ ಕಟ್ಟಿ. ಟಬ್ಬಿಗೆ ನಾಲ್ಕೈದು ಇಂಚು ಮಳೆನೀರು, ಒಂದು ಹಿಡಿ ಕೊಳೆತ ಎಲೆ. ನಲ್ಲಿ ನೀರಿನ ಕ್ಲೋರಿನ್ ಗೊದಮೊಟ್ಟೆಗಳನ್ನು ಕೊಲ್ಲುತ್ತದೆ. ಸೊಳ್ಳೆಗೆಂದು ಗಪ್ಪಿ ಮೀನು ಬಿಟ್ಟಿದ್ದರಂತೂ ಒಂದೂ ಉಳಿಯದು! ಕಾಲು ಮೂಡುವ ಹೊತ್ತಿಗೆ ಒಂದು ಕಟ್ಟಿಗೆಯನ್ನು ಓರೆಯಾಗಿ ಇಳಿಬಿಡಿ. ಹತ್ತಿ ಹೋಗಲು ದಾರಿಯಿಲ್ಲದೆ ಮರಿಗಳು ಮುಳುಗುವುದುಂಟು.

ಪ್ರಶ್ನೆ: ಜುಲೈನಲ್ಲಿ ಮಹಾರಾಷ್ಟ್ರದ ಸಹ್ಯಾದ್ರಿಯ ಅಂಬೋಲಿಗೆ ಹೋಗುತ್ತಿದ್ದೇವೆ. ಕಪ್ಪೆ ಹಾರುವುದು ಕಾಣುತ್ತದೆಯೇ?
— ಓದುಗರು, ಕರ್ವೆನಗರ, ಪುಣೆ

ಉತ್ತರ: ಅಪರೂಪ. ಅದು ಹಕ್ಕಿಯಂತೆ ಹಾರುವುದೂ ಇಲ್ಲ. ಪೊರೆ ಬಿಚ್ಚಿ ಕೊಂಬೆಯಿಂದ ಕೆಳಕ್ಕೆ ತೇಲುತ್ತದೆ, ಅಷ್ಟೆ. ರಾತ್ರಿ ನೀರಿನ ಮೇಲಿನ ಗಿಡಗಳಿಂದ ಬರುವ 'ಟಕ್-ಟಕ್' ಸದ್ದು ಹಿಡಿದು ಹುಡುಕಿ. ಟಾರ್ಚು ಕಣ್ಣಿಗೆ ನೇರ ಬೇಡ. ಹಾರಲಿ ಎಂದು ಕಡ್ಡಿಯಿಂದ ತಿವಿಯುವವರಿದ್ದಾರೆ. ಕೂಡುವ ಜೋಡಿ ಚದುರುತ್ತದೆ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಮುಟ್ಟಲೇಬೇಡಿ, ಅದರ ತೊಗಲು ಎಲ್ಲವನ್ನೂ ಹೀರುತ್ತದೆ.

ಅಲ್ಲಿನ ಪುಟ್ಟ ಪೊದೆಗಪ್ಪೆಗಳ ಬಳಿ ನೊರೆ ಹುಡುಕಬೇಡಿ. 2009ರಲ್ಲಿ ಹೆಸರು ಪಡೆದ ಅಂಬೋಲಿ ಪೊದೆಗಪ್ಪೆಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿಗಪ್ಪೆ. ಜಂಬಿಟ್ಟಿಗೆಯ ಬಯಲಲ್ಲಿ ಮಾತ್ರ ನೆಲ ನೋಡಿ ಹೆಜ್ಜೆಯಿಡಿ: ಅಂಬೋಲಿ ನೆಲಗಪ್ಪೆ ಕಾಲಡಿಗೇ ಸಿಗುತ್ತದೆ.