ಮನೆಯಲ್ಲೇ ಕಟ್ಟುವ ವಿಮಾನಕ್ಕೆ ರೋಟರಿ ಇಂಜಿನ್: ರೇಡಿಯೇಟರ್ ಎಷ್ಟು ದೊಡ್ಡದಿರಬೇಕು?

ಮಜ್ದಾ ಕಾರಿನ 13ಬಿ ರೋಟರಿ ಇಂಜಿನ್ (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಸುತ್ತುವಂಥದ್ದು), ಎರಡು ಸೀಟು, ಹಿಂದೆ ಬಾಲದ ಗಾಲಿ. ರೇಡಿಯೇಟರ್ ಒಂದು ಸಾಕಾ ಎರಡು ಬೇಕಾ, ಮೂಗಿನ ಕೆಳಗಾ ಹೊಟ್ಟೆ ಕೆಳಗಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕದಲ್ಲಿ ಎರಡು ನೋಟ್‌ಬುಕ್ ತುಂಬಿಸಿದ್ದೆ. ಇಂಜಿನ್ ಹಾಳಾಗಿದ್ದು ರೇಡಿಯೇಟರಿನಿಂದಲ್ಲ, ನಾನೇ ಮುಚ್ಚಿದ ಒಂದು ತೂತಿನಿಂದ.

ನಾನು ಬೀದರಿನವನು. ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳ ಸದ್ದಿಗೆ ತಲೆ ಎತ್ತಿ ಎತ್ತಿ ಕತ್ತು ನೋಯಿಸಿಕೊಂಡು ಬೆಳೆದವನು. ವಿಮಾನ ಕಟ್ಟಿದ್ದು ಮಾತ್ರ ಕಲಬುರಗಿಯ ಕಪನೂರಿನಲ್ಲಿ, ಗೆಳೆಯನ ತೊಗರಿ ಬೇಳೆ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ. ಇಂಜಿನ್ ಮುಂಬೈನ ಕುರ್ಲಾದಿಂದ ತಂದ ಹಳೇ ಮಾಲು.

ಕಾರಿನಲ್ಲಿ ಈ ಇಂಜಿನ್ನಿನ ನೀರಿನ ಪಂಪು ಮುಂದೆ, ಫ್ಲೈವೀಲ್ ಹಿಂದೆ. ವಿಮಾನದಲ್ಲಿ ಫ್ಲೈವೀಲ್ ಕಡೆಗೆ ಗೇರ್‌ಬಾಕ್ಸ್ ಕೂರಿಸಿ ಅದಕ್ಕೆ ಪ್ರೊಪೆಲ್ಲರ್ ಹಾಕುತ್ತೇವೆ. ಅಂದರೆ ಇಂಜಿನ್ ತಿರುಗುಮುರುಗು ಕೂರುತ್ತದೆ. ಪಂಪು, ನೀರು ತುಂಬುವ ಬಾಯಿ, ಬಿಸಿ ಅಳೆಯುವ ಸೆನ್ಸರ್ ಎಲ್ಲ ಪೈಲಟ್ ಕಡೆ. ಕಾರಿನಲ್ಲಿ ಹಿಂದಿದ್ದ ಕಬ್ಬಿಣದ ತಟ್ಟೆ ಈಗ ಮೂಗಿನ ತುದಿಯಲ್ಲಿ. ಆ ತಟ್ಟೆಯ ಮೇಲ್ಭಾಗದಲ್ಲಿ ಒಂದು ನಳಿಕೆ ಇತ್ತು. ಕಾರಿನ ಹೀಟರಿಗೆ ಬಿಸಿನೀರು ಹೋಗುವ ದಾರಿ ಅದು. ಕಲಬುರಗಿಯಲ್ಲಿ ಹೀಟರ್ ಯಾರಿಗೆ ಬೇಕು? ನಗುತ್ತಾ ಪ್ಲಗ್ ಹಾಕಿ ಬಿಗಿದೆ.

ಈಗ ನೋಡಿ. ಬಾಲ ನೆಲದಲ್ಲಿದ್ದಾಗ ನನ್ನ ವಿಮಾನ 12 ಡಿಗ್ರಿ ಮೂಗೆತ್ತಿ ನಿಲ್ಲುತ್ತದೆ. ಅರ್ಧ ಮೀಟರ್ ಉದ್ದದ ಇಂಜಿನ್ನಿನಲ್ಲಿ ಮೂಗಿನ ತುದಿ 10 ಸೆಂಟಿಮೀಟರ್ ಮೇಲೆ ಹೋಗುತ್ತದೆ. ನಾನು ನೀರು ತುಂಬಿದ್ದು ಕೆಳಗಿದ್ದ ತುದಿಯಿಂದ. ಬಾಯಿವರೆಗೂ ಬಂತು, ಮುಚ್ಚಳ ಹಾಕಿದೆ. ಆದರೆ ಮೇಲಿನ ತುದಿಯಲ್ಲಿ ಗಾಳಿ ಹಾಗೇ ಕೂತಿತ್ತು. ಅದು ಹೊರಗೆ ಹೋಗಲು ಇದ್ದ ಒಂದೇ ದಾರಿ ನಾನು ಮುಚ್ಚಿದ ಆ ನಳಿಕೆ.

ಮೇ ತಿಂಗಳು, ನೆರಳಲ್ಲೇ 43 ಡಿಗ್ರಿ. ಬಾಲವನ್ನು ಬೇವಿನ ಮರಕ್ಕೆ ಕಟ್ಟಿ ಇಂಜಿನ್ ಶುರು ಮಾಡಿದೆ. ಹತ್ತು ನಿಮಿಷ ಆದರೂ ಮೀಟರ್ 88 ಬಿಟ್ಟು ಕದಲಲಿಲ್ಲ. ಆಮೇಲೆ ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು. ನನಗೆ ಖುಷಿಯೋ ಖುಷಿ, ಇನ್ನಷ್ಟು ಥ್ರಾಟಲ್ ಕೊಟ್ಟೆ. ನಿಜಕ್ಕೂ ಆಗಿದ್ದೇನು ಅಂದರೆ, ಮೇಲಿನ ತುದಿಯಲ್ಲಿ ನೀರು ಕುದ್ದು ಆವಿಯಾಗಿ ಉಳಿದ ನೀರನ್ನು ಓವರ್‌ಫ್ಲೋ ಪೈಪಿನಿಂದ ಹೊರಗೆ ದೂಡುತ್ತಿತ್ತು. ಸೆನ್ಸರ್ ನೀರಿನಿಂದ ಹೊರಗೆ ಬಂದಿತ್ತು. ನೀರಲ್ಲಿ ಮುಳುಗಿರದ ಸೆನ್ಸರ್ ಸುಳ್ಳು ಹೇಳುತ್ತದೆ, ಅದೂ ನಮಗೆ ಇಷ್ಟವಾಗುವ ಸುಳ್ಳು.

ಎಕ್ಸಾಸ್ಟಿನಿಂದ ಬಿಳಿ ಹೊಗೆ, ಸಿಹಿ ವಾಸನೆ. ಗೆಳೆಯ ಮಿಲ್ಲಿನಿಂದ ಓಡಿ ಬಂದ: "ಏನೋ, ಬೆಲ್ಲದ ಪಾಕ ಕುದಸಲಕತ್ತಿ ಏನ್?" ಅದು ಇಂಜಿನ್ ನೀರಿಗೆ ಬೆರೆಸುವ ಗ್ಲೈಕಾಲ್ ವಾಸನೆ. ಆ ನೀರು ಪೆಟ್ರೋಲು ಉರಿಯುವ ಕೋಣೆಗೆ ನುಗ್ಗಿತ್ತು.

ರೋಟರಿ ಇಂಜಿನ್ ಅಂದರೆ ಖಡಕ್ ರೊಟ್ಟಿ ಪೇರಿಸಿದ ಹಾಗೆ. ಮೂರು ಕಬ್ಬಿಣದ ತಟ್ಟೆ, ಮಧ್ಯೆ ರೋಟರ್ ಸುತ್ತುವ ಎರಡು ಅಲ್ಯುಮಿನಿಯಂ ಕವಚ (ಹೌಸಿಂಗ್), ಎಲ್ಲವನ್ನೂ ಹಿಡಿದಿಡುವ ಉದ್ದ ಬೋಲ್ಟುಗಳು. ತಟ್ಟೆ-ಹೌಸಿಂಗ್ ನಡುವೆ ನೀರು ಸೋರದಂತೆ ರಬ್ಬರ್ ಉಂಗುರ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೇಲಾಗಿ ಇಲ್ಲಿ ಉರಿ ಯಾವಾಗಲೂ ಹೌಸಿಂಗಿನ ಒಂದೇ ಪಕ್ಕದಲ್ಲಿ, ಸ್ಪಾರ್ಕ್ ಪ್ಲಗ್ ಇರುವ ಕಡೆ. ಆ ಪಕ್ಕಕ್ಕೆ ತಂಪು ಗಾಳಿ-ಪೆಟ್ರೋಲು ಮಿಶ್ರಣ ಬರುವ ಸರದಿಯೇ ಇಲ್ಲ. ಅಲ್ಲಿ ನೀರಿನ ಬದಲು ಆವಿ ನಿಂತರೆ ಉಂಗುರ ಚಪ್ಪಟೆ, ಹೌಸಿಂಗ್ ಸೊಟ್ಟ. ನನ್ನದು ಎರಡೂ ಆಯಿತು. ಪೂರ್ತಿ ಬಿಚ್ಚಬೇಕಾಯಿತು, ಒಂದು ವರ್ಷ ಹೋಯಿತು.

ಈಗ ಆ ನಳಿಕೆಯಿಂದ ಸಣ್ಣ ಪೈಪ್ ಹೊರಟು ಫೈರ್‌ವಾಲ್ (ಇಂಜಿನ್ನಿಗೂ ಪೈಲಟ್ಟಿಗೂ ನಡುವಿನ ಗೋಡೆ) ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಬಾಲ ಕೆಳಗಿದ್ದರೂ ಎಲ್ಲಕ್ಕಿಂತ ಎತ್ತರ ಆ ಟ್ಯಾಂಕೇ. ನೀರು ತುಂಬುವಾಗ ಬಾಲವನ್ನು ನಾಲ್ಕು ತೊಗರಿ ಚೀಲದ ಮೇಲೆ ಏರಿಸುತ್ತೇನೆ. ಮೊದಲು 6 ಲೀಟರ್ ಹಿಡಿಯುತ್ತಿದ್ದ ಇಂಜಿನ್ ಈಗ ಏಳೂವರೆ ಹಿಡಿಯುತ್ತದೆ. ಒಂದೂವರೆ ಲೀಟರ್ ಗಾಳಿ ಇಟ್ಟುಕೊಂಡು ನಾನು ರೇಡಿಯೇಟರ್ ಅಳತೆ ಚರ್ಚೆ ಮಾಡುತ್ತಿದ್ದೆ! ನೀರಿನ ಒತ್ತಡ ತೋರಿಸುವ ಮೀಟರನ್ನೂ ಹಾಕಿದ್ದೇನೆ. ನೀರು ಸೋರಿದರೆ ಮೊದಲು ಬೀಳುವುದು ಒತ್ತಡ.

ಇನ್ನು ನಿಮ್ಮ ಪ್ರಶ್ನೆ. ಹೊಟ್ಟೆ ಕೆಳಗೆ ಇಟ್ಟರೆ ಮಸ್ಟಾಂಗ್ ಯುದ್ಧವಿಮಾನದ ಹಾಗೆ ರೇಡಿಯೇಟರಿನಲ್ಲಿ ಬಿಸಿಯಾದ ಗಾಳಿ ಹಿಂದಕ್ಕೆ ಚಿಮ್ಮಿ ನೂಕುಬಲ ಸಿಗುತ್ತಾ ಅಂದಿರಲ್ಲ, ಮರೆತುಬಿಡಿ. ಬ್ರಿಟನ್ನಿನ ಮೆರೆಡಿತ್ 1930ರ ದಶಕದಲ್ಲಿ ತೋರಿಸಿದ ಆ ವಿದ್ಯೆಗೆ ಬೇಕಾದ ವೇಗ ನಮ್ಮ ಪುಟ್ಟ ವಿಮಾನಗಳಿಗಿಲ್ಲ. ಮೂಗಿನ ಕೆಳಗೇ ಇಡಿ, ಪೈಪ್ ಗಿಡ್ಡ ಆಗುತ್ತದೆ. ಗಾಳಿಯ ಬಾಯಿ ಚಿಕ್ಕದಿರಲಿ, ಒಳಗೆ ಮೆಲ್ಲಗೆ ಅಗಲವಾಗಲಿ. ಬಾಯಿ ದೊಡ್ಡದಾದಷ್ಟೂ ತಂಪು ಜಾಸ್ತಿ ಅನ್ನೋದು ಸುಮ್ನೆ ಮಾತು.

ಅಳತೆಯನ್ನು ಅಮೆರಿಕದವರ ಲೆಕ್ಕದಿಂದ ಎತ್ತಬೇಡಿ. ವಿಮಾನದ ಲೆಕ್ಕಗಳು ಸಾಮಾನ್ಯವಾಗಿ 15 ಡಿಗ್ರಿ ಹವೆಯಿಂದ ಶುರುವಾಗುತ್ತವೆ. ನೀರು 95 ಇದ್ದರೆ ಅವರಿಗೆ ಸಿಗುವ ವ್ಯತ್ಯಾಸ 80 ಡಿಗ್ರಿ, ನಮಗೆ ಮೇ ತಿಂಗಳಲ್ಲಿ 52. ಅದೇ ರೇಡಿಯೇಟರ್ ಇಲ್ಲಿ ಮೂರರಲ್ಲೊಂದು ಪಾಲು ಕಡಿಮೆ ಕೆಲಸ ಮಾಡುತ್ತದೆ.

ಆಯಿಲ್ ಕೂಲರ್ ಬಗ್ಗೆ ನೀವು ಕೇಳಲೇ ಇಲ್ಲ. ಅದಂತೂ ಭಯ ಹುಟ್ಟಿಸಿತು. ರೋಟರನ್ನು ಒಳಗಿನಿಂದ ತಂಪು ಮಾಡುವುದು ಆಯಿಲ್ಲೇ. ಕೂಲರುಗಳು ಹೊರಹಾಕಬೇಕಾದ ಬಿಸಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅದರದ್ದು. ಬೈಕಿನ ಕೂಲರ್ ಸಾಕು ಅನ್ನುವವರ ಮಾತು ಕೇಳಬೇಡಿ.

ನನ್ನ ವಿಮಾನ ಇನ್ನೂ ಹಾರಿಲ್ಲ. ವಿಮಾನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಕಾಗದಪತ್ರ ನಡೆಯುತ್ತಿದೆ, ಅಲ್ಲಿಯವರೆಗೆ ಬೇವಿನ ಮರವೇ ಗತಿ. ನೀವು ಮೊದಲು ಬಾಲ ನೆಲಕ್ಕಿಟ್ಟು ಪಕ್ಕದಿಂದ ಇಂಜಿನ್ನಿನ ಒಂದು ಫೋಟೊ ಹಾಕಿ. ಆ ಹೀಟರ್ ನಳಿಕೆ ಎಲ್ಲಿದೆ, ತೆರೆದಿದೆಯಾ ಮುಚ್ಚಿದೆಯಾ ಕಾಣಬೇಕು. ರೇಡಿಯೇಟರ್ ಅಳತೆ ಆಮೇಲೆ ಮಾತಾಡೋಣ.